ಎರಡು ಕೋಟು ಬಿಳಿ ಬಣ್ಣ

ತೀರಿಕೊಂಡವರ ಬಗ್ಗೆ ಎರಡು ಮಾತು ಆಡಿ ಎಂದು ಯಾರಾದರೂ ಕರೆದರೆ, ಇಪ್ಪತ್ತು ನಿಮಿಷಕ್ಕೆ ಮುಂಚೆ ವೇದಿಕೆಯಿಂದ ಇಳಿದವನು ನಾನಲ್ಲ. ಆಸ್ಟ್ರೇಲಿಯಾದ ಪರ್ತಿನ ಕನ್ನಡಿಗರಲ್ಲಿ ಈ ಸಂಗತಿ ಎಷ್ಟು ಪ್ರಸಿದ್ಧವೆಂದರೆ, ನನಗಿಂತ ಮುಂಚೆ ಸಾಯಬಾರದು ಎಂಬ ಒಂದೇ ಕಾರಣಕ್ಕೆ ಹಲವರು ಆರೋಗ್ಯ ಕಾಪಾಡಿಕೊಳ್ಳುತ್ತಿದ್ದಾರೆ ಎಂದು ನನ್ನ ಹೆಂಡತಿ ಹೇಳುತ್ತಾಳೆ.

ಹೋದ ಜುಲೈ ತಿಂಗಳಲ್ಲಿ ಬ್ರಿಸ್ಬೇನಿನಿಂದ, ಹಿಂದೆ ನಮ್ಮ ಪರ್ತಿನಲ್ಲಿದ್ದವರೊಬ್ಬರ ಮಗಳ ಫೋನು ಬಂತು.

"ಅಂಕಲ್, ಅಪ್ಪ ಹೋಗ್ಬಿಟ್ರು. ಹನ್ನೊಂದು ದಿನ ಆಯ್ತು. ಯಾರಿಗೂ ಹೇಳೋಕೇ ಆಗ್ಲಿಲ್ಲ."

ನಾನು ರೂಢಿಯಂತೆ ಗಂಟಲು ಸರಿಮಾಡಿಕೊಂಡೆ. ಹುಟ್ಟಿದವರಿಗೆ ಸಾವು ತಪ್ಪದು ಎಂಬಲ್ಲಿಂದ ಹೊರಟು ಸುಮಾರು ದೂರ ಹೋಗುವವನಿದ್ದೆ. ಅಷ್ಟರಲ್ಲಿ ಆಕೆಯೇ ಮುಂದುವರಿಸಿದಳು.

"ನಿಮ್ಮನ್ನ ಒಂದು ಕೇಳ್ಬೇಕಿತ್ತು. ಅಮ್ಮ ಹೋದ ಮೇಲೆ ಅಪ್ಪ ಯುಗಾದಿಗೆ ಒಂದು ಪರದೆ ಬರ್ದಿದ್ರಂತಲ್ಲ, ಅದ್ರಲ್ಲಿ ಅಮ್ಮ ಇದಾರಂತೆ. ಅದು ನಿಮ್ಮ ಹತ್ರಾನೇ ಇದೆ, ಜೋಪಾನವಾಗಿದೆ ಅಂತ ಅಪ್ಪ ಯಾವಾಗ್ಲೂ ಹೇಳೋರು. ನಾನಾಗ ಇಲ್ಲಿ ನರ್ಸಿಂಗ್ ಓದ್ತಾ ಇದ್ದೆ, ನೋಡೇ ಇಲ್ಲ ಅಂಕಲ್. ಅದು ನಂಗೆ ಬೇಕು."

"ಇದೆಯಮ್ಮ," ಅಂದೆ. "ಜೋಪಾನವಾಗಿದೆ."

ಇದೆ ಎಂಬುದು ನಿಜ. ಜೋಪಾನ ಎಂಬ ಮಾತಿಗೆ ಸ್ವಲ್ಪ ವಿವರಣೆ ಬೇಕಾಗುತ್ತದೆ. ಈ ಬರಹ ಆ ವಿವರಣೆ.

ಆ ಮನುಷ್ಯನ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ತಾನು ಬರೆದ ಯಾವ ಚಿತ್ರದ ಮೇಲೂ ಅವರು ಹೆಸರು ಹಾಕಿದವರಲ್ಲ. ಹೆಸರಿನ ಜಾಗದಲ್ಲಿ, ಬಲಗಡೆ ಕೆಳಗಿನ ಮೂಲೆಯಲ್ಲಿ, ಒಂದು ನಿಂಬೆಹಣ್ಣು, ಅದರ ಮೇಲೊಂದು ಕೆಳಗೊಂದು ಹಸಿಮೆಣಸಿನಕಾಯಿ ಬರೆಯುತ್ತಿದ್ದರು. "ದೃಷ್ಟಿಗೆ ಸಾರ್" ಎನ್ನುತ್ತಿದ್ದರು. ತಿಪಟೂರಿನಲ್ಲಿ ಲಾರಿ ಬಾಡಿ ಕಟ್ಟುವ ಶೆಡ್ಡೊಂದರಲ್ಲಿ ಕೊಬ್ಬರಿ ಲಾರಿಗಳ ಬೆನ್ನಿಗೆ ಹಸು, ನವಿಲು, ಕಮಲ ಬರೆಯುತ್ತ ಬೆಳೆದವರು. ಯಾರೂ ಕಲಿಸಿದ್ದಲ್ಲ. "ಕಲಿಸೋಕೆ ಯಾರಿದ್ರು ಸಾರ್? ಮೇಸ್ತ್ರಿ ಹಿನ್ನೆಲೆ ಹೊಡ್ದು ಊಟಕ್ಕೆ ಹೋದ, ಬರೋ ಹೊತ್ಗೆ ನಾನು ಹಸು ಬರ್ದಿದ್ದೆ. ಬೈದ. ಆಮೇಲೆ ಲಾರಿ ಓನರ್ ಬಂದು ಹಸು ಚೆನ್ನಾಗದೆ ಅಂದ. ಅಲ್ಲಿಂದ ಮೇಸ್ತ್ರಿ ದಿನಾ ಊಟಕ್ಕೆ ಬೇಗ ಹೋಗೋನು." ಅಲ್ಲಿಂದ ದುಬೈ, ದುಬೈಯಿಂದ ಪರ್ತ್. ಈ ದೇಶಕ್ಕೆ ವಾಹನಕ್ಕೆ ಬಣ್ಣ ಹೊಡೆಯುವವರು ಬೇಕಾಗಿದ್ದರು. ಹೀಗೆ ಸಾಫ್ಟ್‌ವೇರಿನವರು, ಗಣಿಯವರು ತುಂಬಿದ್ದ ನಮ್ಮ ಪಿಯಾರಾ ವಾಟರ್ಸ್ ಬಡಾವಣೆಗೆ, ಕ್ಯಾನಿಂಗ್ಟನ್‌ನ ಹತ್ತಿರ ಗುದ್ದಿದ ಕಾರುಗಳನ್ನು ರಿಪೇರಿ ಮಾಡುವ ಶೆಡ್ಡೊಂದರ ನೌಕರರಾಗಿ ಬಂದು ಸೇರಿದರು.

ನಾನು ವೃತ್ತಿಯಿಂದ ಭೂವಿಜ್ಞಾನಿ. ಗಣಿ ಕಂಪನಿಗಳಿಗಾಗಿ ಕೆಂಪು ನೆಲದ ಮೇಲೆ ಓಡಾಡಿ, ಮೇಲಿನ ಪದರ ನೋಡಿ ಕೆಳಗೇನಿದೆ ಎಂದು ಹೇಳುವುದು ನನ್ನ ಕೆಲಸ. ಬಹಳ ವರ್ಷ ಅದಕ್ಕೆ ಸಂಬಳ ತೆಗೆದುಕೊಂಡಿದ್ದೇನೆ. ಓದುಗರು ಇದನ್ನು ನೆನಪಿಟ್ಟುಕೊಂಡರೆ ಮುಂದೆ ನನ್ನನ್ನು ನೋಡಿ ನಗಲು ಅನುಕೂಲವಾಗುತ್ತದೆ.

ಅವರಿಗೊಂದು ಅಭ್ಯಾಸವಿತ್ತು. ಯಾರ ಮನೆಗೆ ಹೋಗಲಿ, ಯಾವ ಮೇಜು, ಬಾಗಿಲು, ಗೋಡೆ ಕಂಡರೂ ಕೈಯನ್ನು ಮಗುಚಿ ಹಿಂಗೈಯಿಂದ ಮೆಲ್ಲಗೆ ಸವರುತ್ತಿದ್ದರು. ಹೊಸದಾಗಿ ನೋಡಿದವರಿಗೆ, ಈತ ನಮ್ಮ ಮೇಜಿಗೆ ಜ್ವರ ಬಂದಿದೆಯೇ ಎಂದು ನೋಡುತ್ತಿದ್ದಾನೆ ಎನಿಸಬೇಕು. ಒಮ್ಮೆ ಕೇಳಿದೆ.

"ಅಂಗೈ ಜಡ್ಡುಗಟ್ಟಿರ್ತದೆ ಸಾರ್, ಸುಳ್ಳು ಹೇಳ್ತದೆ. ಹಿಂಗೈ ಸುಳ್ಳು ಹೇಳಲ್ಲ."

ಆ ಹಿಂಗೈ ಒಂದು ಭಾನುವಾರ ನನ್ನ ಮನೆಯ ಮುಂದೆ ನಿಂತಿದ್ದ ನನ್ನ ಕಾರಿನ ಮೇಲೂ ಹರಿದಾಡಿತು. ಆ ಕಾರನ್ನು ನಾನು, ಒಂದು ಗೀರೂ ಬೀಳದ ಗಾಡಿ, ಒಬ್ಬ ಮುದುಕಿ ವಾರಕ್ಕೊಮ್ಮೆ ಚರ್ಚಿಗೆ ಹೋಗಲು ಮಾತ್ರ ಓಡಿಸುತ್ತಿದ್ದಳು ಎಂಬ ಭರವಸೆಯ ಮೇಲೆ ಕೊಂಡಿದ್ದೆ. ಬಂಧುಮಿತ್ರರಿಗೆಲ್ಲ ನನ್ನ ವ್ಯವಹಾರಜ್ಞಾನದ ಬಗ್ಗೆ ಉಪನ್ಯಾಸ ಮಾಡಿಯೂ ಆಗಿತ್ತು. ಅವರು ಹಿಂದಿನ ಬಾಗಿಲ ಹತ್ತಿರ ಕೈ ನಿಲ್ಲಿಸಿದರು. ನನ್ನ ಹೆಂಡತಿ ಕಾಫಿ ತರಲು ಒಳಗೆ ಹೋಗುವವರೆಗೂ ಕಾದರು.

"ಇದು ಚೆನ್ನಾಗೇ ಗುದ್ದಿಸ್ಕೊಂಡದೆ ಸಾರ್. ಎರಡು ಸಲ. ಮುದುಕಿ ಸ್ವಲ್ಪ ಜೋರೇ ಇದ್ದಿರ್ಬೇಕು."

ನನ್ನ ಹೆಂಡತಿ ಕಾಫಿ ತಂದಾಗ, "ಬಲೇ ಗಾಡಿ ಅಮ್ಮಾ, ಸಾರ್ ನೋಡಿ ತಗೊಂಡವ್ರೆ" ಎಂದರು. ಇನ್ನೊಮ್ಮೆ ಅದೇ ಕಾರನ್ನು ನಾನೇ ಕ್ಯಾನಿಂಗ್ಟನ್‌ನ ಮಳಿಗೆಯ ಪಾರ್ಕಿಂಗ್ ಕಂಬಕ್ಕೆ ತೀಡಿದಾಗ, ಒಂದೇ ಮಧ್ಯಾಹ್ನದಲ್ಲಿ ಗುರುತು ಸಿಗದ ಹಾಗೆ ಸರಿಮಾಡಿ ಕೊಟ್ಟರು. ಹೇಗಾಯಿತು ಎಂದು ನಾನೇ ಒಂದು ಕಥೆ ಕಟ್ಟಿಕೊಂಡು ಹೋಗಿದ್ದೆ. ಅದರಲ್ಲಿ ಒಂದು ಕಾಂಗರೂ ಸಹ ಇತ್ತು. ಅವರು ಕೈ ಅಡ್ಡ ಮಾಡಿದರು.

"ಗುದ್ದಿದ್ದು ಯಾರು ಅಂತ ನಾವು ಕೇಳಲ್ಲ ಸಾರ್. ಎಲ್ಲಿ ಗುದ್ದದೆ, ಅಷ್ಟೇ ಕೇಳೋದು."

ಅವರ ಇನ್ನೊಂದು ಮಾತೆಂದರೆ ಪ್ರೈಮರ್. ಬಣ್ಣಕ್ಕೆ ಮುಂಚೆ ಬಳಿಯುವ ಆ ತಳದ ಲೇಪದಲ್ಲಿ ಅವರಿಗಿದ್ದ ನಂಬಿಕೆ ಕೆಲವರಿಗೆ ದೇವರಲ್ಲೂ ಇರುವುದಿಲ್ಲ. ಕನ್ನಡ ಸಂಘದ ಚುನಾವಣೆಯಲ್ಲಿ ಜಗಳವಾದರೆ, "ಪ್ರೈಮರ್ ಹೊಡ್ದಿರ್ಲಿಲ್ಲ ಸಾರ್, ಅದ್ಕೇ ಎದ್ದುಹೋಯ್ತು." ಯಾರದೋ ಮಗಳ ಮದುವೆ ವರ್ಷದೊಳಗೆ ಮುರಿದರೆ, ಅದಕ್ಕೂ ಇದೇ ನಿದಾನ. ನಾವು ನಗುತ್ತಿದ್ದೆವು. ಅವರೂ ನಗುತ್ತಿದ್ದರು. ಆದರೆ ಅವರು ತಮಾಷೆ ಮಾಡುತ್ತಿರಲಿಲ್ಲ.

ಅವರ ಹೆಂಡತಿಯನ್ನು ಪರ್ತಿನ ಕನ್ನಡಿಗರೆಲ್ಲರೂ ಬಲ್ಲರು. ಬಲ್ಲರು ಎಂದರೆ ಆಕೆಯ ಕೈಯನ್ನು ಬಲ್ಲರು. ಸಂಘದ ಊಟ ಎಂದರೆ ಆಕೆ ಬಡಿಸಬೇಕು. ಉಳಿದ ಹೆಂಗಸರು ಫೋಟೋ ತೆಗೆಸಿಕೊಳ್ಳಲು ಹೊರಗೆ ಹೋದಾಗ ಆಕೆ ಒಬ್ಬರೇ ಸೌಟು ಹಿಡಿದು ಸಾಲಿನ ಈ ತುದಿಯಿಂದ ಆ ತುದಿಗೆ ಬರುತ್ತಿದ್ದರು. "ಇನ್ನೊಂಚೂರು ಹಾಕ್ಲಾ?" ಎಂದು ಕೇಳುತ್ತಿದ್ದರು, ಉತ್ತರ ಬರುವುದರೊಳಗೆ ಹಾಕಿರುತ್ತಿದ್ದರು. ಕೈ ತುಂಬ ಹಸಿರು ಗಾಜಿನ ಬಳೆ. ನಾವು ತಲೆ ಬಗ್ಗಿಸಿ ಉಣ್ಣುವವರಾದ್ದರಿಂದ ಆಕೆಯ ಮುಖವನ್ನು ಎಷ್ಟು ಜನ ಸರಿಯಾಗಿ ನೋಡಿದ್ದರೋ ಕಾಣೆ. ನಾನಂತೂ ನೋಡಿರಲಿಲ್ಲ ಎಂಬುದು ಆಮೇಲೆ ಸಾಬೀತಾಯಿತು.

ಆಕೆ ಕ್ಯಾನ್ಸರಿನಿಂದ ಹೋದ ಮೇಲಿನ ಯುಗಾದಿಗೆ, ವೇದಿಕೆಯ ಹಿಂದೆ ಕಟ್ಟಲು ಪರದೆ ಬರೆದುಕೊಡುತ್ತೇನೆ ಎಂದು ಅವರೇ ಮುಂದೆ ಬಂದರು. ಯೂಟ್ ಎಂದು ಇಲ್ಲಿನವರು ಕರೆಯುವ ಪುಟ್ಟ ಲಾರಿಗೆ ಹೊದಿಸುವ ದಪ್ಪ ಕ್ಯಾನ್ವಾಸ್ ಟಾರ್ಪಾಲು, ಶೆಡ್ಡಿನಲ್ಲಿ ಉಳಿದ ಕಾರಿನ ಬಣ್ಣ. ಎರಡು ತಿಂಗಳು ಬರೆದರು. ಹಬ್ಬದ ಬೆಳಿಗ್ಗೆ ಬಿಚ್ಚಿ ಕಟ್ಟಿದಾಗ ನಾವು ಕಂಡದ್ದು ಒಂದು ಊಟದ ಪಂಕ್ತಿ. ಉದ್ದಕ್ಕೂ ಬಾಳೆಲೆ. ಎಲೆಯ ಹಿಂದೆ ಒಂದೇ ಅಳತೆಯ ಜನ, ಎಲ್ಲರೂ ನೆಟ್ಟಗೆ ನಮ್ಮನ್ನೇ ನೋಡುತ್ತ ಕೂತಿದ್ದಾರೆ, ಒಬ್ಬರೂ ಉಣ್ಣುತ್ತಿಲ್ಲ. ಎದುರಿಗೆ ಬಿಳಿಯ ಹಸು. ನಡುವೆ ಬಗ್ಗಿ ಬಡಿಸುತ್ತಿರುವ ಒಬ್ಬ ಹೆಂಗಸು. ಆಕೆ ಎಷ್ಟು ದೊಡ್ಡವಳೆಂದರೆ, ಹಿಂದಿರುವ ಬಾಗಿಲಿನೊಳಗೆ ಆಕೆ ಯಾವ ಕಾಲಕ್ಕೂ ಹೋಗಲಾರಳು.

ಕಲಾವಿಮರ್ಶೆ ನನ್ನ ಅನೇಕ ಹವ್ಯಾಸಗಳಲ್ಲೊಂದು. ನಾನು ಎಲ್ಲರೆದುರು ಹೇಳಿದೆ: "ಪ್ರಯತ್ನ ಚೆನ್ನಾಗಿದೆ. ಆದರೆ ದೂರ-ಹತ್ತಿರದ ಲೆಕ್ಕ ತಪ್ಪಿದೆ ಕಣ್ರೀ. ಬಡಿಸುವವಳು ಬಾಗಿಲಿಗಿಂತ ದೊಡ್ಡವಳಾದರೆ ಹೇಗೆ?"

"ಬಡಿಸೋರು ದೊಡ್ಡೋರಲ್ವಾ ಸಾರ್?" ಎಂದರು.

ನಾನು ಕನಿಕರದಿಂದ ನಕ್ಕೆ. ಆಮೇಲೆ ಆ ಪರದೆಯ ಮುಂದೆ ನಿಂತು ಯುಗಾದಿಯ ಮಹತ್ವದ ಬಗ್ಗೆ ಮಾತಾಡಿದೆ. ಆ ದಿನದ ಫೋಟೋಗಳನ್ನೆಲ್ಲ ಈಚೆಗೆ ಹುಡುಕಿ ತೆಗೆದು ನೋಡಿದ್ದೇನೆ. ಪ್ರತಿಯೊಂದರಲ್ಲೂ ಆಕೆಯ ಮುಖದ ಮುಂದೆ ಸರಿಯಾಗಿ ನನ್ನ ತಲೆ ಇದೆ, ಬಾಯಿ ತೆರೆದಿದೆ.

ಹಬ್ಬ ಮುಗಿದ ಮೇಲೆ ಪರದೆ ನನ್ನ ಗ್ಯಾರೇಜಿಗೆ ಬಂತು. ಸಂಘದ ಸಾಮಾನೆಲ್ಲ ಅಲ್ಲಿಯೇ ಇರುವುದು.

ಇನ್ನು ಸಿನಿಮಾದ ವಿಷಯ. ನಮ್ಮಲ್ಲೊಂದು ಸಿನಿಮಾ ಬಳಗವಿದೆ. ಅಧ್ಯಕ್ಷ ನಾನು. ಜಗತ್ತಿನ ಉತ್ತಮ ಚಿತ್ರಗಳನ್ನು ತೋರಿಸಿ ಜನರ ಅಭಿರುಚಿಯನ್ನು ಮೇಲೆತ್ತುವುದು ಉದ್ದೇಶ. ಸದಸ್ಯರು ಹನ್ನೊಂದು ಜನ, ಕೊನೆಯವರೆಗೆ ಎಚ್ಚರವಿರುವವರು ನಾಲ್ಕು. ಯುಗಾದಿಯಾಗಿ ಎರಡು ವರ್ಷಕ್ಕೆ ನಾನು ಆರಿಸಿದ್ದು ಜಾರ್ಜಿಯಾ ದೇಶದ ಒಬ್ಬ ಚಿತ್ರಕಾರನ ಬದುಕಿನ ಮೇಲೆ ತೆಗೆದ ಹಳೆಯ ಚಿತ್ರ. ಆತ ಯಾವ ಶಾಲೆಯಲ್ಲೂ ಕಲಿತವನಲ್ಲ. ಹೆಂಡದಂಗಡಿಗಳಿಗೆ ಬೋರ್ಡು ಬರೆದುಕೊಟ್ಟು, ಅವರು ಕೊಟ್ಟ ಊಟ ಉಂಡು ಬದುಕಿದವನು. ಪಟ್ಟಣದ ಓದಿದವರು ಒಂದು ದಿನ ಕರೆದು ಹೊಗಳಿದರು, ಮರುದಿನ ನಕ್ಕರು. ಬಡವನಾಗಿಯೇ ಸತ್ತ. ಚಿತ್ರ ತೆಗೆದವರು ಅದನ್ನು ಕಥೆಯ ಹಾಗೆ ಹೇಳದೆ ಪದ್ಯದ ಹಾಗೆ ಹೇಳಿದ್ದಾರೆ. ಕ್ಯಾಮೆರಾ ಅಲುಗುವುದಿಲ್ಲ, ಜನ ಹೆಚ್ಚು ಮಾತಾಡುವುದಿಲ್ಲ, ಪ್ರತಿ ದೃಶ್ಯವೂ ಗೋಡೆಗೆ ತೂಗುಹಾಕಿದ ಪಟದಂತೆ ನಿಂತೇ ಇರುತ್ತದೆ. ಇದನ್ನು ನಾನು ಮನೆಯಲ್ಲಿ ಒಬ್ಬನೇ ನೋಡಿ ಅತ್ತಿದ್ದೆ. ಇಂಥ ಕಲಾವಿದನನ್ನು ಆ ಜನ ಗುರುತಿಸಲಿಲ್ಲವಲ್ಲ ಎಂದು ಆ ಊರಿನವರ ಮೇಲೆ ನನಗೆ ಎರಡು ದಿನ ಕೋಪವಿತ್ತು.

ಇಂಥ ಚಿತ್ರಕ್ಕೆ ದೊಡ್ಡ ಪರದೆ ಬೇಡವೇ? ಸಮುದಾಯ ಭವನದಲ್ಲಿದ್ದದ್ದು ಒಂದು ಚಾಪೆಯಷ್ಟು ಅಗಲದ್ದು. ಗೋಡೆಯೆಲ್ಲ ಗಾರೆಯಿಲ್ಲದ ಇಟ್ಟಿಗೆ. ನನ್ನ ಹೆಂಡತಿ ತಂಗಿಯ ಮಗಳ ಮದುವೆಗೆಂದು ಮೈಸೂರಿಗೆ ಹೋಗಿದ್ದಳು, ಬುದ್ಧಿ ಹೇಳುವವರು ಯಾರೂ ಇರಲಿಲ್ಲ. ಗ್ಯಾರೇಜಿನಲ್ಲಿ ಹುಡುಕಿದೆ. ಪ್ರಾಯೋಜಕರ ಹೆಸರಿದ್ದ ಪ್ಲಾಸ್ಟಿಕ್ ಬ್ಯಾನರುಗಳನ್ನು ಮುಟ್ಟುವ ಹಾಗಿರಲಿಲ್ಲ, ಅವರಿಗೆ ಬೇಸರವಾದೀತು. ಉಳಿದದ್ದು ಆ ಟಾರ್ಪಾಲು. ಒಳ್ಳೆಯ ದಪ್ಪ, ಒಳ್ಳೆಯ ಅಗಲ. ಅದರ ಮೇಲೊಂದು ಚಿತ್ರವಿದೆ ಎಂಬುದು ಒಂದೇ ತೊಡಕು.

ಅವರಿಗೆ ಒಂದು ಫೋನು ಮಾಡಬಹುದಿತ್ತು. ಅವರು ಇನ್ನೊಂದು ಬರೆದುಕೊಟ್ಟಾರು, ಅವರಿಗೇನು, ಎಂದುಕೊಂಡೆ. ಮನೆಯ ಗೋಡೆಗೆ ಬಳಿದು ಉಳಿದಿದ್ದ ಬಿಳಿ ಬಣ್ಣದ ಡಬ್ಬ ತೆಗೆದೆ. ಮಧ್ಯದಲ್ಲಿ ಒಂದು ಕಡೆ ಬಣ್ಣ ಪದರದ ಮೇಲೆ ಪದರ ಕೂತು ಗಂಟುಗಟ್ಟಿತ್ತು. ಬೆಳಕು ಬಿದ್ದರೆ ಅಲ್ಲಿ ನೆರಳಾದೀತು. ಮರ ಉಜ್ಜುವ ಉಪ್ಪುಕಾಗದ ತಂದು, ಮಂಡಿಯೂರಿ ಕೂತು, ಒಂದು ಗಂಟೆ ಉಜ್ಜಿ ನುಣ್ಣಗೆ ಮಾಡಿದೆ. ಆಮೇಲೆ ಎರಡು ಕೋಟು ಬಿಳಿ ಹೊಡೆದೆ. ಕೆಲಸ ಅಚ್ಚುಕಟ್ಟಾಗಿ ಆಗಿದೆ ಎಂದು ನನಗೆ ನಾನೇ ಹೇಳಿಕೊಂಡದ್ದು ನೆನಪಿದೆ.

ಪ್ರದರ್ಶನ ಶನಿವಾರ ಮಧ್ಯಾಹ್ನ. ಐದು ಗಂಟೆಯಿಂದ ಭವನ ಝುಂಬಾ ಕುಣಿತದವರ ಪಾಲು. ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿದೆವು. ಅವರೂ ಬಂದಿದ್ದರು, ಕೆಲಸದಿಂದ ನೇರವಾಗಿ, ಮೂರನೆಯ ಸಾಲಿನ ಮೂಲೆಯಲ್ಲಿ. ನಾನು ಪೀಠಿಕೆಗೆ ಎದ್ದೆ.

"ಈ ಕಲಾವಿದನಿಗೆ ದೂರ-ಹತ್ತಿರದ ಲೆಕ್ಕ ಗೊತ್ತಿರಲಿಲ್ಲ ಎಂದು ಪಂಡಿತರು ನಕ್ಕರು. ಅವನ ಲೆಕ್ಕವೇ ಬೇರೆ. ತಾನು ಯಾರನ್ನು ಪ್ರೀತಿಸಿದನೋ ಅವರನ್ನು ದೊಡ್ಡದಾಗಿ ಬರೆದ! ಪಂಡಿತರ ಕಣ್ಣಿಗೆ ಅದು ಬೀಳಲಿಲ್ಲ!"

ಚಪ್ಪಾಳೆ ಬಿತ್ತು. ಮೂರನೆಯ ಸಾಲಿನಿಂದಲೂ ಬಿತ್ತು.

ಚಿತ್ರ ಅರ್ಧ ಕಳೆಯುವವರೆಗೂ ಏನೂ ಆಗಲಿಲ್ಲ. ಆಮೇಲೆ ಔತಣದ ಒಂದು ದೃಶ್ಯ. ಬಿಳಿ ಹಾಸಿನ ಉದ್ದನೆಯ ಮೇಜು, ಅದರ ಹಿಂದೆ ಗಂಡಸರು, ಒಬ್ಬರನ್ನೊಬ್ಬರು ನೋಡದೆ ನಮ್ಮತ್ತ ತಿರುಗಿ ಕೂತಿದ್ದಾರೆ. ಪ್ರೊಜೆಕ್ಟರಿನ ಬೆಳಕು ಆ ಬಿಳುಪಿನ ಮೇಲೆ ಜೋರಾಗಿ ಬಿದ್ದ ಹಾಗೆ, ಆ ಮೇಜಿನ ಮೇಲೆ ಮಬ್ಬುಮಬ್ಬಾಗಿ ಒಂದು ಸಾಲು ಬಾಳೆಲೆ ಮೂಡಿತು. ಜಾರ್ಜಿಯಾದ ಗಂಡಸರು ತಿಪಟೂರಿನ ಎಲೆಯ ಮುಂದೆ ಕೂತಿದ್ದರು. ನಡುವೆ ಬಗ್ಗಿದ ಒಂದು ದೊಡ್ಡ ಆಕಾರ, ಚಾಚಿದ ಒಂದು ಕೈ. ದೃಶ್ಯ ಅಲುಗಲಿಲ್ಲ. ಈ ಚಿತ್ರದಲ್ಲಿ ಯಾವ ದೃಶ್ಯವೂ ಬೇಗ ಹೋಗುವುದಿಲ್ಲ ಎಂಬುದನ್ನು ನಾನೇ ಪೀಠಿಕೆಯಲ್ಲಿ ಹೊಗಳಿದ್ದೆ.

ನೆಲ ನೋಡಿ ಅದಿರು ಹೇಳುವವನಿಗೆ ತಾನು ಬಳಿದ ಬಣ್ಣದ ಕೆಳಗಿನದು ತಿಳಿದಿರಲಿಲ್ಲ.

ದೀಪ ಹಾಕಿದ ಮೇಲೆ ಚರ್ಚೆ ನಮ್ಮ ಸಂಪ್ರದಾಯ. ಮೊದಲು ಎದ್ದವಳು ಒಬ್ಬ ಸಾಫ್ಟ್‌ವೇರ್ ಹುಡುಗಿ. "ಅಂಕಲ್, ಆ ಊಟದ ಸೀನಲ್ಲಿ ಟೇಬಲ್ ಮೇಲೆ ಒಬ್ರು ಲೇಡಿ ಫೇಂಟಾಗಿ ಕಾಣಿಸಿದ್ರಲ್ಲ, ಬಡಿಸೋ ತರ? ಅದು ಯಾರು? ಸೂಪರ್ ಆಗಿತ್ತು."

ಇದು ಪರದೆಯ ದೋಷ ಎನ್ನಲು ನನಗೆ ಎರಡು ಉಸಿರಿನಷ್ಟು ಹೊತ್ತಿತ್ತು. ನಾನು ಹೇಳಿದ್ದು ಇದು: "ಒಳ್ಳೆಯ ಪ್ರಶ್ನೆ. ಅದು ಕಲಾವಿದನ ಅಂತರಂಗದ ಸ್ಮೃತಿಯ ಪ್ರತೀಕ. ಕಳೆದುಕೊಂಡವಳು ಅವನ ಪ್ರತಿಯೊಂದು ಊಟದಲ್ಲೂ ಹಾಜರಿದ್ದಾಳೆ. ನಿರ್ದೇಶಕರು ಅದನ್ನು ಉದ್ದೇಶಪೂರ್ವಕವಾಗಿ ಮಸುಕು ಮಾಡಿದ್ದಾರೆ."

ಎಲ್ಲರೂ ತಲೆದೂಗಿದರು. ನನ್ನ ಹೆಂಡತಿ ಹಿಂದಿನ ದಿನವಷ್ಟೇ ಮೈಸೂರಿನಿಂದ ಬಂದಿದ್ದಳು. ಅವಳು ಮಾತ್ರ ನನ್ನನ್ನು, ಮನೆಯೊಳಗೆ ಬಂದ ಇಲಿಯನ್ನು ನೋಡುವಂತೆ ನೋಡುತ್ತಿದ್ದಳು.

ಜನ ಕರಗಿದ ಮೇಲೆ ಅವರು ಪರದೆಯ ಹತ್ತಿರ ಬಂದರು. ಕೈ ಮಗುಚಿ ಹಿಂಗೈಯಿಂದ ಸವರಿದರು, ಎಡದಿಂದ ಬಲಕ್ಕೆ. ಮಧ್ಯದಲ್ಲಿ ಕೈ ನಿಂತಿತು.

"ಇಲ್ಲಿ ಉಪ್ಪುಕಾಗದ ಹಾಕಿದ್ರಾ ಸಾರ್?"

"ಹ್ಞೂ. ಸ್ವಲ್ಪ ಗಂಟು ಇತ್ತು."

"ಎಷ್ಟನೇ ನಂಬರು?"

"ನೋಡಲಿಲ್ಲ."

ಅವರು ಇನ್ನೊಮ್ಮೆ ಅಲ್ಲಿಯೇ ಸವರಿದರು. ನಾನು ಏನಾದರೂ ಬೈಗುಳ ಬಂದರೆ ಸಾಕು ಎಂದು ಕಾಯುತ್ತಿದ್ದೆ. ಅವರು ಅಂಗಡಿಯಲ್ಲಿ ಗಿರಾಕಿಗೆ ಹೇಳುವ ದನಿಯಲ್ಲಿ ಹೇಳಿದರು: "ಪ್ರೈಮರ್ ಹೊಡೀಬೇಕಿತ್ತು ಸಾರ್. ಎರಡು ಕೋಟು ಸಾಲ್ದು."

ಅದನ್ನು ಇಳಿಸಿ ನಾನು ಮಡಚಲು ಹೋದರೆ ತಡೆದರು. "ಮಡಿಕೆ ಬಿದ್ರೆ ಬಣ್ಣ ಒಡೀತದೆ. ಸುತ್ತಬೇಕು." ತಮ್ಮ ಗಾಡಿಯಿಂದ ಒಂದು ಪ್ಲಾಸ್ಟಿಕ್ ಪೈಪು ತಂದರು. ಒಂದು ತುದಿ ಅವರು, ಒಂದು ತುದಿ ನಾನು ಹಿಡಿದು, ಬಣ್ಣದ ಮುಖ ಹೊರಗೆ ಬರುವಂತೆ ಸುತ್ತಿದೆವು. ಯಾವ ಬಣ್ಣದ ಬಗ್ಗೆ ಅವರಿಗೆ ಅಷ್ಟು ಕಾಳಜಿ ಎಂದು ನಾನು ಕೇಳಲಿಲ್ಲ.

ಮನೆಗೆ ಬರುವ ದಾರಿಯಲ್ಲಿ, ಎರಡನೆಯ ಸಿಗ್ನಲ್ ದಾಟಿದ ಮೇಲೆ ಹೆಂಡತಿ ಶುರುಮಾಡಿದಳು.

"ಪ್ರತೀಕ ಅಂತೆ, ಪ್ರತೀಕ. ಅದು ಅವರ ಮನೆಯವರು ಕಣ್ರೀ."

"ಯಾರು?"

"ಯಾರು ಅಂತ ಬೇರೆ ಕೇಳ್ತೀರಲ್ಲ! ಎಷ್ಟು ವರ್ಷ ಆಕೆ ಕೈಲಿ ಬಡಿಸಿಕೊಂಡು ತಿಂದಿದೀರಿ? ಯುಗಾದಿ ದಿನ ನೋಡಿದ ತಕ್ಷಣ ನಂಗೆ ಗೊತ್ತಾಯ್ತು. ಮುಖಾನ ಎಷ್ಟು ಸಲ ತಿದ್ದಿ ತಿದ್ದಿ ಬರೆದಿದ್ರು, ಪಾಪ, ಅಲ್ಲೇ ಬಣ್ಣ ಗುಡ್ಡೆ ಆಗಿತ್ತು. ಅದನ್ನ ಏನು ಮಾಡಿದ್ರಿ ನೀವು?"

ನಾನು ಕಾರು ಓಡಿಸಿದೆ.

ಮರುದಿನವೇ ಹೋಗಿ ಕಾಲು ಹಿಡಿಯಬೇಕಿತ್ತು. ಸಮಯ ನೋಡಿ ಹೇಳೋಣ ಎಂದುಕೊಂಡೆ. ಸಮಯ ನೋಡುವುದರಲ್ಲಿ ನನ್ನಷ್ಟು ನಿಪುಣರು ಕಡಿಮೆ. ಆ ಚಳಿಗಾಲದಲ್ಲಿ ಅವರು ಅಡಿಲೇಡಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿತೆಂದು ಹೊರಟುಹೋದರು. ಬೀಳ್ಕೊಡುಗೆಯಲ್ಲಿ ನಾನೇ ಮಾತಾಡಿದೆ, ಇಪ್ಪತ್ತೈದು ನಿಮಿಷ.

ಮೂರು ವರ್ಷದ ಮೇಲೆ ಗಣಿಯವರ ಸಮ್ಮೇಳನಕ್ಕೆಂದು ಅಡಿಲೇಡಿಗೆ ಹೋದಾಗ, ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಅವರ ಶೆಡ್ಡಿಗೆ ಹೋದೆ. ಈ ಸಲ ಹೇಳಿಯೇ ಬಿಡಬೇಕೆಂದು ಹೊರಟಿದ್ದೆ, ವಾಕ್ಯಗಳನ್ನು ಸಹ ಜೋಡಿಸಿಕೊಂಡಿದ್ದೆ. ಸಾಲಾಗಿ ನಿಲ್ಲಿಸಿದ ಕಾರಿನ ಬಾಗಿಲುಗಳ ನಡುವೆ ಎರಡು ಡಬ್ಬ ಬೋರಲು ಹಾಕಿ ಕೂರಿಸಿದರು, ಫ್ಲಾಸ್ಕಿನಿಂದ ಚಹಾ ಕೊಟ್ಟರು. ಬಡಕಲಾಗಿದ್ದರು.

"ಆ ಪರದೆ..." ಎಂದು ಶುರುಮಾಡಿದೆ.

"ಸುತ್ತೇ ಇಟ್ಟಿದೀರಲ್ಲ ಸಾರ್? ಮಡ್ಚಿಲ್ವಲ್ಲ?"

"ಇಲ್ಲ, ಇಲ್ಲ. ಸುತ್ತೇ ಇದೆ."

"ಸಾಕು ಬಿಡಿ. ಚಾ ಕುಡೀರಿ, ಆರ್ತದೆ."

ತಪ್ಪೊಪ್ಪಿಗೆಯಿಂದ ಪಾರಾಗಲು ಅವರೇ ನನಗೊಂದು ದಾರಿ ಮಾಡಿಕೊಟ್ಟಿದ್ದರು. ನಾನು ಕೃತಜ್ಞತೆಯಿಂದ ಅದರಲ್ಲೇ ನುಸುಳಿಕೊಂಡೆ. ಮುಂದಿನ ಅರ್ಧ ಗಂಟೆ ಸಿನಿಮಾದ ಬಗ್ಗೆ ಮಾತಾಡಿದೆ. ಅವರು ಕೇಳಿಸಿಕೊಂಡರು.

"ಚೆನ್ನಾಗಿತ್ತು ಸಾರ್ ಆ ಪಿಚ್ಚರು. ಊಟ ಕೊಟ್ಟೋರಿಗೆಲ್ಲ ಬರ್ದುಕೊಟ್ಟ. ಅವ್ರು ಗೋಡೆಗೆ ಹಾಕ್ಕೊಂಡ್ರೋ ಒಲೆಗೆ ಹಾಕಿದ್ರೋ, ತಿರುಗಿ ನೋಡ್ಲಿಲ್ಲ. ನಂಗೆ ಅಷ್ಟು ಆಗಲ್ಲ."

"ಈಗ ಏನಾದರೂ ಬರೀತಿದೀರಾ?"

"ಕಾರಿಗೆ ಹೊಡಿಯೋದು, ಅಷ್ಟೇ. ಬರಿಯೋದು ಬರ್ದಾಯ್ತು ಸಾರ್."

ಅದೇ ನಮ್ಮ ಕೊನೆಯ ಭೇಟಿ. ಆಮೇಲೆ ಕೆಲಸ ಬಿಟ್ಟು ಮಗಳ ಬಳಿ ಬ್ರಿಸ್ಬೇನಿಗೆ ಹೋದರೆಂದು ಕೇಳಿದ್ದೆ. ಅಲ್ಲಿ ಅವಳಿಗೆ, ಅಮ್ಮನ ಚಿತ್ರ ಪರ್ತಿನಲ್ಲಿ ಜೋಪಾನವಾಗಿದೆ, ನಮ್ಮ ಗೋಡೆ ಅದಕ್ಕೆ ಸಾಲದು, ಅಲ್ಲೇ ಇರಲಿ ಎಂದು ಹೇಳುತ್ತಿದ್ದರು ಎಂಬುದು ಗೊತ್ತಾದದ್ದು ಆ ಫೋನಿನಲ್ಲಿ. ಗುದ್ದಿದ್ದು ಯಾರು ಎಂದು ಕೇಳದವರು, ಗುದ್ದಿದವನ ಹೆಸರನ್ನು ಕೇಳಿದವರಿಗೂ ಹೇಳಲಿಲ್ಲ.

ಫೋನು ಇಟ್ಟ ಮೇಲೆ ನಾನೂ ಹೆಂಡತಿಯೂ ಗ್ಯಾರೇಜಿನ ನೆಲದಲ್ಲಿ ಆ ಸುರುಳಿಯನ್ನು ಬಿಚ್ಚಿದೆವು. ಪರ್ತಿನ ಬೇಸಿಗೆಗಳನ್ನು ಕಂಡ ಬಿಳಿ ಬಣ್ಣ ಅಂಚಿನಲ್ಲಿ ಅಲ್ಲಲ್ಲಿ ಸುರುಳಿ ಎದ್ದಿತ್ತು. ನಾನು ಉಗುರಿನಿಂದ ಎಳೆದೆ. ಆರಿದ ಹಾಲಿನ ಕೆನೆ ಎದ್ದ ಹಾಗೆ ಅಂಗೈಯಗಲ ಎದ್ದು ಬಂತು. ಕೆಳಗೆ ಒಂದು ಬಾಳೆಲೆಯ ತುದಿ, ಅದರ ಮೇಲೆ ಉಪ್ಪು.

ಕಾರಿನ ಬಣ್ಣದ ಮೇಲೆ ಗೋಡೆಯ ಬಣ್ಣ ಹಿಡಿದುಕೊಳ್ಳಲು ನಡುವೆ ಪ್ರೈಮರ್ ಬೇಕಂತೆ. ನಾನು ಹೊಡೆದಿರಲಿಲ್ಲ.

ಒದ್ದೆ ಬಟ್ಟೆ, ದೋಸೆ ಮಗುಚುವ ಪ್ಲಾಸ್ಟಿಕ್ ಸಟ್ಟುಗ ಹಿಡಿದು ಮೂರು ವಾರಾಂತ್ಯ ಕೂತೆವು. ಪಂಕ್ತಿ ಬಂತು. ಹಸು ಬಂತು. ಪಂಕ್ತಿಯ ಕೊನೆಯಲ್ಲಿ ಕನ್ನಡಕದ ಒಬ್ಬ ಮನುಷ್ಯ ಬಂದ, ಎಲ್ಲರೂ ಬಾಯಿ ಮುಚ್ಚಿದ್ದರೆ ಅವನೊಬ್ಬನದು ತೆರೆದಿದೆ. "ನಿಮ್ಮನ್ನೂ ಬರೆದಿದ್ದಾರೆ ನೋಡಿ," ಎಂದಳು ಹೆಂಡತಿ. ಎಲೆಯ ಮೇಲೆ ನನಗೆ ಎರಡು ಒಬ್ಬಟ್ಟು ಹಾಕಿದ್ದರು. ಉಳಿದವರಿಗೆಲ್ಲ ಒಂದೊಂದು.

ಸೌಟು ಬಂತು, ಹಸಿರು ಬಳೆಯ ಕೈ ಬಂತು, ಸೀರೆಯ ಅಂಚು ಬಂತು. ಕತ್ತಿನವರೆಗೂ ಬಂತು. ಅದರ ಮೇಲೆ ನೂಲಿನ ನೇಯ್ಗೆ ಕಾಣುವ ಬೋಳು ಕ್ಯಾನ್ವಾಸು. ಒಂದು ಪಕ್ಕದಲ್ಲಿ ಒಂದು ಕಿವಿ, ಕಿವಿಯಲ್ಲಿ ಓಲೆ. ಅಷ್ಟೇ.

ಇಲ್ಲಿಯವರೆಗೆ "ಮಧ್ಯದಲ್ಲಿ ಒಂದು ಕಡೆ ಗಂಟು" ಎಂದು ಬರೆದುಕೊಂಡು ಬಂದಿದ್ದೇನೆ. ಯಾರ ಮುಖವೆಂದು ಗೊತ್ತಿರಲಿಲ್ಲ, ನಿಜ. ಆದರೆ ಉಜ್ಜುವಾಗ ಅದು ಮುಖವೆಂದು ನನಗೆ ಗೊತ್ತಿತ್ತು. ಎರಡು ಕಣ್ಣೂ ನನ್ನನ್ನು ನೋಡುತ್ತಿದ್ದವು. ಕಣ್ಣಿನಿಂದಲೇ ಶುರುಮಾಡಿದೆ, ಅಲ್ಲಿಯೇ ದಪ್ಪವಿದ್ದದ್ದು.

"ಯಾರಾದರೂ ಒಳ್ಳೆಯ ಆರ್ಟಿಸ್ಟ್ ಹಿಡಿದು ಮುಖ ಬರೆಸಿಬಿಟ್ಟರೆ?" ಎಂದೆ.

"ಯಾವ ಮುಖ ಬರೆಸ್ತೀರಿ?" ಎಂದಳು ಹೆಂಡತಿ.

ಅದೇ ಪೈಪಿಗೆ ಸುತ್ತಿ, ವಿಮಾನದಲ್ಲಿ ಉದ್ದನೆಯ ಸಾಮಾನುಗಳ ಜೊತೆ ಹಾಕಿ, ಬ್ರಿಸ್ಬೇನಿಗೆ ಒಬ್ಬನೇ ಹೋದೆ. ಮಗಳದು ಬೆಟ್ಟದ ಇಳಿಜಾರಿನಲ್ಲಿ ಕಂಬಗಳ ಮೇಲೆ ನಿಂತ ಮರದ ಮನೆ. ರಾತ್ರಿಪಾಳಿ ಮುಗಿಸಿ ಬಂದಿದ್ದಳು, ಆಸ್ಪತ್ರೆಯ ಉಡುಪಿನಲ್ಲೇ ಇದ್ದಳು. ಜಗುಲಿಯ ಹಲಗೆಯ ಮೇಲೆ ಇಬ್ಬರೂ ಸೇರಿ ಬಿಚ್ಚಿದೆವು.

ಅವಳು ಮೊದಲು ಮೂಲೆಯ ನಿಂಬೆಹಣ್ಣು ನೋಡಿ ನಕ್ಕಳು. ಆಮೇಲೆ ಎಲೆಗಳು, ಹಸು. ಮಂಡಿಯೂರಿ ಸೀರೆಯ ಅಂಚನ್ನು ಮುಟ್ಟಿದಳು. "ಇದು ಅಮ್ಮನ ಗೌರಿಹಬ್ಬದ ಸೀರೆ." ಬಳೆಗಳನ್ನು ಒಂದೊಂದಾಗಿ ಎಣಿಸಿದಳು. ಕೈ ಮೇಲೆ ಹೋಗುತ್ತ ಕತ್ತಿನ ಹತ್ತಿರ ನಿಂತಿತು.

"ಮುಖ ಅಪ್ಪ ಬರೀಲೇ ಇಲ್ವಾ ಅಂಕಲ್? ಬರೆಯೋಕೆ ಮನಸ್ಸು ಬರ್ಲಿಲ್ವೇನೋ, ಅಲ್ವಾ?"

ಉತ್ತರವನ್ನು ಅವಳೇ ನನ್ನ ಕೈಗೆ ಕೊಟ್ಟಿದ್ದಳು. ನಾನು ಹೌದು ಎಂದರೆ ಸಾಕಿತ್ತು. ಅದಕ್ಕಿಂತ ಹೆಚ್ಚೂ ಹೇಳಬಲ್ಲವನಾಗಿದ್ದೆ. ಬರೆಯದೆ ಬಿಟ್ಟ ಮುಖವೇ ಪ್ರೀತಿಯ ಪರಮ ಪ್ರತೀಕ ಎಂಬ ವಾಕ್ಯ ಪೂರ್ತಿಯಾಗಿ ನಾಲಿಗೆಯ ಮೇಲೆ ಬಂದು ಕೂತಿತ್ತು.

"ಬರೆದಿದ್ದರು ಕಣಮ್ಮ," ಅಂದೆ. "ನಾನು ಉಜ್ಜಿದೆ."

ಏತಕ್ಕೆ ಎಂದು ಕೇಳಿದಳು. ಹೇಳಿದೆ. ನನ್ನ ಜೀವನದಲ್ಲಿ ಅಷ್ಟು ಚಿಕ್ಕದಾಗಿ ಯಾವುದನ್ನೂ ಹೇಳಿದವನಲ್ಲ.

ಕೆಳಗೆ ರಸ್ತೆಯಲ್ಲಿ ಯಾರೋ ಕಸದ ಡಬ್ಬ ಎಳೆದುಕೊಂಡು ಹೋದರು.

"ಅಪ್ಪಂಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ಕೈ ಮಗುಚಿ, ಹಿಂಗೈಯಿಂದ ಆ ಬೋಳು ಜಾಗವನ್ನು ಒಮ್ಮೆ ಸವರಿದಳು. ಆಮೇಲೆ ಎದ್ದು, ಪೈಪು ತೆಗೆದುಕೊಂಡು, ಒಂದು ತುದಿಯಿಂದ ಸುತ್ತಲು ಶುರುಮಾಡಿದಳು. ಪರದೆ ಅಗಲ, ಒಬ್ಬರಿಂದ ಆಗುವ ಕೆಲಸವಲ್ಲ, ಒಂದು ಕಡೆ ಸೊಟ್ಟಗೆ ಹೋಗುತ್ತಿತ್ತು. ನಾನು ಇನ್ನೊಂದು ತುದಿ ಹಿಡಿಯಲು ಬಗ್ಗಿದೆ.

"ಬೇಡಿ ಅಂಕಲ್," ಅಂದಳು. "ನಾನೇ ಸುತ್ತುತೀನಿ."